ಕಾರ್ತಿಕದ ಮಂಕಿಗೆ ಮಿರಜಿನಲ್ಲಿ ಕಂಡ ಮದ್ದು

ತುಲಾ ತಿಂಗಳ ಮಳೆ ಹಿಂದೆ ಸರಿದು, ದೀಪಾವಳಿಯ ಹಣತೆಗಳು ಅಟ್ಟ ಸೇರಿದ ಮೇಲೆ ನಮ್ಮ ಮನೆಗಳಲ್ಲಿ ಒಂದು ಬಗೆಯ ಮಂಕು ಕವಿಯುವುದುಂಟು. ಆರು ಗಂಟೆಗೆಲ್ಲ ಹೊತ್ತು ಕಂತುತ್ತದೆ. ರಜೆಗೆ ಬಂದ ಮಕ್ಕಳು ದೂರದ ಊರುಗಳಿಗೆ ಮರಳಿರುತ್ತಾರೆ. ಅಂಗಳದಲ್ಲಿ ಹರಡಿದ ಅಡಿಕೆಯ ಮೇಲೆ ಮೋಡದ ನೆರಳು ಬಿದ್ದರಂತೂ ಕೇಳುವುದೇ ಬೇಡ. ಜಗಲಿಯಲ್ಲಿ ಕುಳಿತ ಹಿರಿಯರು "ಯಾಕೋ ಬೇಜಾರು" ಎನ್ನುತ್ತಾರೆ. ಕಾರಣ ಕೇಳಿದರೆ ಹೇಳಲಾರರು.

ಈ ಬೇಜಾರಿನ ವಿಚಾರವನ್ನು ನಾವು ಮನಸ್ಸಿಟ್ಟು ಯೋಚಿಸಿದ್ದು ಊರಿನಲ್ಲಲ್ಲ, ಮಹಾರಾಷ್ಟ್ರದ ಮಿರಜಿನಲ್ಲಿ. ನಮ್ಮ ಭಾವನವರಿಗೆ ಅಲ್ಲಿ ಶಸ್ತ್ರಚಿಕಿತ್ಸೆಯಾಗಿತ್ತು. ಮಿರಜೆಂದರೆ ಆಸ್ಪತ್ರೆಗಳ ಊರು. 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಎಂಬ ಮಿಷನರಿ ವೈದ್ಯರು ಆಸ್ಪತ್ರೆ ಆರಂಭಿಸಿದಂದಿನಿಂದ ಅದಕ್ಕೆ ಆ ಹೆಸರು. ಬೆಳಗಾವಿ, ವಿಜಯಪುರದ ಕಡೆಯ ರೋಗಿಗಳು ಇಂದಿಗೂ ಅಲ್ಲಿಗೆ ಬರುವುದರಿಂದ ಮೊಗಸಾಲೆಯಲ್ಲಿ ಮರಾಠಿಯ ಜೊತೆಗೆ ಕನ್ನಡವೂ ಧಾರಾಳವಾಗಿ ಕಿವಿಗೆ ಬೀಳುತ್ತದೆ.

ಭಾವನವರ ಗಾಯ ಚೆನ್ನಾಗಿಯೇ ಮಾಯುತ್ತಿತ್ತು. ಆದರೆ ಅವರು ಮಾತು ಬಿಟ್ಟಿದ್ದರು. ಅನ್ನ ಕಲಸಿ ಹಾಗೆಯೇ ಬಿಡುವರು. ಪಟ್ಟಿ ಬದಲಿಸುವುದಕ್ಕೆಂದು ಹತ್ತು ದಿನ ವಸತಿಗೃಹದ ಕೋಣೆಯಲ್ಲಿ ನಿಲ್ಲಬೇಕಾಗಿತ್ತು. ಅವರು ಕಿಟಕಿ ಮುಚ್ಚಿಸಿ ಗೋಡೆಗೆ ಮುಖ ಮಾಡಿ ಮಲಗುವರು. ಹೊರಗೆ ನವೆಂಬರಿನ ಮೋಡ. "ದೇಹದ ಕೆಲಸ ನಾವು ಮಾಡಿದ್ದೇವೆ, ಇನ್ನು ಇವರನ್ನು ಹೊರಗೆ ಕರಕೊಂಡು ಹೋಗುವ ಕೆಲಸ ನಿಮ್ಮದು" ಎಂದರು ವೈದ್ಯರು. ಎಲ್ಲಿಗೆ ಕರೆದೊಯ್ಯುವುದೆಂದು ನಮಗೆ ತೋಚಲಿಲ್ಲ.

ತೋರಿಸಿಕೊಟ್ಟವರು ಪಕ್ಕದ ಕೋಣೆಯ ಜತ್ತ ತಾಲೂಕಿನ ರೈತರು. ಸಾಂಗ್ಲಿ ಜಿಲ್ಲೆಯಲ್ಲಿದ್ದರೂ ಜತ್ತದ ಅನೇಕ ಹಳ್ಳಿಗಳ ಮನೆಮಾತು ಕನ್ನಡ. ಅವರದು ದ್ರಾಕ್ಷಿ ತೋಟ. ಅಕ್ಟೋಬರಿನಲ್ಲಿ ಬಳ್ಳಿ ಸವರಿದ ಮೇಲೆ ಹೊಸ ಚಿಗುರು, ಹೂಗೊಂಚಲು ಬರುವ ಹೊತ್ತಿಗೆ ಮೋಡ ಕವಿದು ಎಲೆಯ ಮೇಲೆ ತೇವ ನಿಂತರೆ ಡೌನಿ ರೋಗ ತಗಲುತ್ತದೆ. ವರ್ಷದ ಗಂಜಿ ನಾಲ್ಕು ದಿನದಲ್ಲಿ ಹೋಗುತ್ತದೆ. 2019ರಲ್ಲಿ ಆಗಸ್ಟಿನ ಕೃಷ್ಣಾ ನೆರೆಯ ಬೆನ್ನಿಗೇ ಅಕ್ಟೋಬರ್–ನವೆಂಬರಿನ ಅಕಾಲ ಮಳೆಯೂ ಸುರಿದು ಆ ಜಿಲ್ಲೆಯ ದ್ರಾಕ್ಷಿ ಬೆಳೆಗಾರರನ್ನು ಕಂಗೆಡಿಸಿತ್ತು.

"ಮುಗಲಾಗ ಮಾಡ ಆತಂದ್ರ ನಮ್ಮ ಮಾರಿ ಮ್ಯಾಲೂ ಮಾಡ ಆದ್ಹಂಗ್ರೀ ಅಣ್ಣಾರ. ಹಂಗಂತ ಮಲಗಿದ್ರ ಹೆಂಗ? ನಾಳಿ ನಸುಕಿನ್ಯಾಗ ಕಾಕಡಾರತಿಗೆ ಕರಕೊಂಡ ಬರ್ರಿ" ಎಂದರು.

ಅಡಿಕೆ ಒಣಗಿಸುವ ನಮಗೆ ಆ ಮೋಡದ ಮಾತಿನ ಅರ್ಥವನ್ನು ಬೇರೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕಾಕಡಾರತಿ ಎಂದರೆ ಬೆಳಗಿನ ಜಾವ ವಿಠ್ಠಲನನ್ನು ಎಬ್ಬಿಸುವ ಆರತಿ. ಮಹಾರಾಷ್ಟ್ರದ ಊರೂರುಗಳಲ್ಲಿ ಕೋಜಾಗಿರಿ ಹುಣ್ಣಿಮೆಯಿಂದ ಕಾರ್ತಿಕ ಹುಣ್ಣಿಮೆಯ ತನಕ, ವರ್ಷದಲ್ಲಿ ಇದೊಂದು ತಿಂಗಳು, ಜನರು ಕತ್ತಲಿರುವಾಗಲೇ ಎದ್ದು ದೇವಸ್ಥಾನದಲ್ಲಿ ಸೇರುತ್ತಾರೆ. ತಾಳ, ಮೃದಂಗ, ಅಭಂಗ. ಮುಗಿಯುವಾಗ ಮೂಡಣ ಕೆಂಪಾಗಿರುತ್ತದೆ. ಮೊದಲ ದಿನ ಭಾವನವರು ಬಂದದ್ದು ನಮ್ಮ ದಾಕ್ಷಿಣ್ಯಕ್ಕೆ. ಎರಡನೆಯ ದಿನ ಯಾರೋ ಅಜ್ಜಿ ಅವರ ಕೈಗೆ ತಾಳ ಕೊಟ್ಟರು. ಮೂರನೆಯ ದಿನ ನಮಗಿಂತ ಮೊದಲು ಎದ್ದು ಅಂಗಿ ತೊಟ್ಟು ಕುಳಿತಿದ್ದರು.

ಇದು ಪವಾಡವೆಂದು ನಾವು ಹೇಳುವುದಿಲ್ಲ. ಇದಕ್ಕೆ ಶಾಸ್ತ್ರವಿದೆ. ಚಳಿಗಾಲದ ಕತ್ತಲಲ್ಲಿ ಮನಸ್ಸು ಕುಗ್ಗುವುದನ್ನು ಅಮೆರಿಕದ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು 1984ರಲ್ಲಿ ಒಂದು ಪ್ರತ್ಯೇಕ ತೊಂದರೆಯೆಂದು ವಿವರಿಸಿದರು. ಬೆಳಗಿನ ಹೊತ್ತು ಅರ್ಧ ಗಂಟೆ 10,000 ಲಕ್ಸ್ ಪ್ರಮಾಣದ ದೀಪದೆದುರು ಕುಳ್ಳಿರಿಸುವುದು ಅದಕ್ಕೆ ಒಂದು ಚಿಕಿತ್ಸೆ. ಲಂಡನ್ನಿನಲ್ಲಿ ಡಿಸೆಂಬರಿನ ಹಗಲು ಎಂಟು ಗಂಟೆಗೂ ಕಡಿಮೆ. ನಮ್ಮಲ್ಲಿ ಹಾಗಿಲ್ಲ, ಅತಿ ಚಿಕ್ಕ ಹಗಲೂ ಮಿರಜಿನಲ್ಲಾಗಲಿ ಕಾಸರಗೋಡಿನಲ್ಲಾಗಲಿ 11 ಗಂಟೆಗಿಂತ ಹೆಚ್ಚು. ಆದರೆ ಸೂರ್ಯ ಎಲ್ಲಕ್ಕಿಂತ ಬೇಗ ಮುಳುಗುವುದು ನಮ್ಮ ಕಡೆ ಡಿಸೆಂಬರಿನಲ್ಲಲ್ಲ, ನವೆಂಬರಿನ ಉತ್ತರಾರ್ಧದಲ್ಲಿ. ಸಂಜೆ ಕುಗ್ಗಿತೆಂದು ಅನಿಸುವುದು ಬರಿಯ ಭ್ರಮೆಯಲ್ಲ. ಇನ್ನೊಂದು ಸಂಗತಿ: ಮನೆಯೊಳಗಿನ ದೀಪದ ಬೆಳಕು ಕೆಲವು ನೂರು ಲಕ್ಸ್ ಮಾತ್ರ, ಮೋಡ ಮುಸುಕಿದ ಹಗಲಿನಲ್ಲೂ ಅಂಗಳದ ಬೆಳಕು ಅದರ ಹಲವು ಪಟ್ಟು. ಅಂದರೆ ನಮ್ಮ ಕೊರತೆ ಬಿಸಿಲಿನದಲ್ಲ, ಹೊಸ್ತಿಲು ದಾಟದಿರುವುದರದು.

ದಾಟಿಸುವುದಕ್ಕೆ ಏನಾದರೊಂದು ನೆವ ಬೇಕು. ಸಾಂಗ್ಲಿ–ಮಿರಜಿನಲ್ಲಿ ಅದಕ್ಕೆ ಬರವಿಲ್ಲ. ಮಿರಜಿನಲ್ಲಿ ಸಿತಾರು, ತಂಬೂರಿ ಮಾಡುವ ಮನೆತನಗಳಿವೆ. 2024ರಲ್ಲಿ ಅವಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಸಂಜೆ ಆ ಬೀದಿಯಲ್ಲಿ ಭಾವನವರೊಡನೆ ನಡೆದಾಗ ಯಾರೋ ಹೊಸ ತಂತಿಗೆ ಶ್ರುತಿ ಕೂಡಿಸುತ್ತಿದ್ದರು. ಭಾವನವರು ಅಲ್ಲೇ ನಿಂತುಬಿಟ್ಟರು. ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ನೆಲೆಸಿದ್ದು ಈ ಊರಿನಲ್ಲಿ. 1937ರ ಅಕ್ಟೋಬರಿನಲ್ಲಿ ದಕ್ಷಿಣದ ಪ್ರವಾಸದಲ್ಲಿ ತೀರಿಕೊಂಡ ಅವರನ್ನು ಮಣ್ಣು ಮಾಡಿದ್ದೂ ಇಲ್ಲಿಯ ದರ್ಗಾದ ಆವರಣದಲ್ಲೇ. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಸವಾಯಿ ಗಂಧರ್ವರ ಶಿಷ್ಯರು.

ಹತ್ತಿರದ ಸಾಂಗ್ಲಿಯಲ್ಲಿ ನವೆಂಬರ್ 5 ದೊಡ್ಡ ದಿನ. ಮರಾಠಿ ರಂಗಭೂಮಿ ದಿನವೆಂದು ಅದನ್ನು ಆಚರಿಸಿ, ಹಿರಿಯ ಕಲಾವಿದರೊಬ್ಬರಿಗೆ ವಿಷ್ಣುದಾಸ ಭಾವೆಯವರ ಹೆಸರಿನ ಪದಕ ಕೊಡುತ್ತಾರೆ. ಭಾವೆಯವರು 1843ರಲ್ಲಿ ಸಾಂಗ್ಲಿಯ ಅರಸು ಚಿಂತಾಮಣರಾವ್ ಪಟವರ್ಧನರ ಆಶ್ರಯದಲ್ಲಿ 'ಸೀತಾ ಸ್ವಯಂವರ'ವನ್ನು ಆಡಿಸಿದರು. ಮರಾಠಿ ನಾಟಕದ ಇತಿಹಾಸವನ್ನು ಅಲ್ಲಿಂದ ಎಣಿಸುವುದು ವಾಡಿಕೆ. ಆ ನಾಟಕಕ್ಕೆ ಪ್ರೇರಣೆ ಏನು ಬಲ್ಲಿರಾ? ಅದಕ್ಕಿಂತ ಸ್ವಲ್ಪ ಮೊದಲು ಕರ್ನಾಟಕದಿಂದ ಸಾಂಗ್ಲಿಗೆ ಬಂದಿದ್ದ ಒಂದು ಭಾಗವತ ಮೇಳ! ಅದರ ಆಟ ನೋಡಿದ ಅರಸು, ಇಂಥದನ್ನೇ ನಮ್ಮ ಭಾಷೆಯಲ್ಲಿ ಮಾಡು ಎಂದು ಭಾವೆಯವರಿಗೆ ಅಪ್ಪಣೆ ಕೊಟ್ಟರು. ಸೂತ್ರಧಾರನ ಹಾಡು, ಮೊದಲಿಗೆ ಗಣಪತಿ, ಮತ್ತೆ ಸರಸ್ವತಿ, ಅಬ್ಬರಿಸುವ ರಾಕ್ಷಸರು — ಭಾವೆಯವರ ಆಟಗಳ ಈ ಕ್ರಮ ಯಕ್ಷಗಾನ ಬಲ್ಲವರಿಗೆ ಹೊಸದೆನಿಸದು.

ಈ ಕಥೆ ಕೇಳಿ ಭಾವನವರು ಬಹಳ ದಿನಗಳ ಮೇಲೆ ನಕ್ಕರು. "ಹಾಗಾದರೆ ನಮ್ಮ ಮದ್ದನ್ನೇ ಹುಡುಕಿಕೊಂಡು ಇಷ್ಟು ದೂರ ಬಂದದ್ದಾ ಮಾರಾಯಾ" ಎಂದರು.

ಅವರ ಮಾತು ನಿಜ. ಪಾರ್ತಿಸುಬ್ಬನ ಕುಂಬಳೆ ನಮ್ಮ ನೆಲ. ದೀಪಾವಳಿ ಕಳೆದ ಮೇಲೆ ಮೇಳಗಳು ಗೆಜ್ಜೆ ಕಟ್ಟಿ ತಿರುಗಾಟಕ್ಕೆ ಹೊರಟರೆ ಪತ್ತನಾಜೆಯ ತನಕ ಆಟ. ದೇವಸ್ಥಾನಗಳಲ್ಲಿ ಕಾರ್ತಿಕದ ದೀಪೋತ್ಸವ. ಬೇಗ ಕತ್ತಲಾಗುವ ಕಾಲಕ್ಕೇ ಹಿರಿಯರು ಇವನ್ನೆಲ್ಲ ಇಟ್ಟದ್ದರಲ್ಲಿ, ಬೇಕೆಂದಾಗಲಿ ಅಕಸ್ಮಾತ್ತಾಗಲಿ, ಒಂದು ಉಪಕಾರವಿದೆ: ಮನುಷ್ಯ ಮನೆಯಿಂದ ಹೊರಬೀಳುತ್ತಾನೆ, ನಾಲ್ಕು ಮುಖ ನೋಡುತ್ತಾನೆ. ಆಟವನ್ನು ಕೈಯಲ್ಲಿರುವ ಫೋನಿನಲ್ಲೇ ನೋಡಬಹುದಲ್ಲ ಎನ್ನುವವರಿದ್ದಾರೆ. ನೋಡಬಹುದು. ಆದರೆ ಅಲ್ಲಿ ಪಕ್ಕದಲ್ಲಿ ಕುಳಿತು "ಊಟ ಆಯಿತಾ" ಎಂದು ಕೇಳುವವರಿಲ್ಲ.

ಆದುದರಿಂದ ವಾಚಕರಲ್ಲಿ ನಮ್ಮ ವಿನಂತಿ ಇಷ್ಟೇ. ಈ ದಿನಗಳಲ್ಲಿ ಬೆಳಗ್ಗೆ ಅರ್ಧ ಗಂಟೆ ಅಂಗಳದಲ್ಲೋ ಗದ್ದೆ ಬದುವಿನಲ್ಲೋ ನಡೆಯಿರಿ. ಸಂಜೆ ಒಂಟಿಯಾಗಿರುವ ನೆರೆಮನೆಯವರನ್ನು ದೀಪೋತ್ಸವಕ್ಕೋ ಆಟಕ್ಕೋ ಭಜನೆಗೋ ಕರೆಯಿರಿ. ಬರಿದೇ ಕರೆದರೆ ಸಾಲದು, ಮನೆಗೆ ಹೋಗಿ ಜೊತೆಗೇ ಕರೆತನ್ನಿ. ಈಗ ಕೆಲವು ಮೇಳಗಳು ಕಾಲಮಿತಿಯ ಆಟ ಆಡುವುದರಿಂದ ನಿದ್ದೆಗೆಟ್ಟೀತೆಂಬ ನೆವವೂ ಇಲ್ಲ.

ಒಂದು ಎಚ್ಚರಿಕೆಯ ಮಾತು. ಎರಡು ವಾರ ಕಳೆದರೂ ಮಂಕು ಬಿಡದೆ, ನಿದ್ದೆ–ಹಸಿವು ಕೆಟ್ಟು, ಬದುಕೇ ಬೇಡವೆಂಬ ಮಾತು ಬಂದರೆ ಅದು ಕಾರ್ತಿಕದ ಬೇಜಾರಲ್ಲ, ರೋಗ. ನಾಚಿಕೆಪಡದೆ ವೈದ್ಯರಲ್ಲಿಗೆ ಹೋಗಬೇಕು. 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ–ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು; ಕನ್ನಡದಲ್ಲೂ ಮಲಯಾಳದಲ್ಲೂ ಮಾತಾಡಬಹುದು.

ಭಾವನವರು ಊರಿಗೆ ಮರಳಿ ಬಹಳ ದಿನಗಳಾದುವು. ಮಂಕು ಪೂರ್ತಿ ಹೋಯಿತೆಂದು ಹೇಳಲಾರೆವು. ಮೋಡದ ದಿನ ಇಂದಿಗೂ ಮಾತು ಕಡಿಮೆ. ಆದರೆ ಕಿಟಕಿ ಮುಚ್ಚಿಸುವುದನ್ನು ಬಿಟ್ಟಿದ್ದಾರೆ. ಜತ್ತದ ಗೌಡರಿಗೆ ವಾರಕ್ಕೊಮ್ಮೆ ಫೋನು ಮಾಡುತ್ತಾರೆ. ಇವರು ಕೇಳುವುದು ದ್ರಾಕ್ಷಿಯ ಬಗ್ಗೆ, ಅವರು ಕೇಳುವುದು ಅಡಿಕೆಯ ಬಗ್ಗೆ. ಇಬ್ಬರೂ ಮೊದಲು ಕೇಳುವುದು ಮಾತ್ರ ಒಂದೇ: ನಿಮ್ಮಲ್ಲಿ ಇವತ್ತು ಬಿಸಿಲಿದೆಯೇ?