ಗಿಡ ಕೊಳ್ಳುವ ಮುನ್ನ ವಲಯ ತಿಳಿಯಿರಿ: ಮಲೆನಾಡಿನ ಅಳತೆಗೋಲು ಚಳಿಯಲ್ಲ, ಮಳೆ

ಸಕಲೇಶಪುರ: ಬೀಜದ ಪೊಟ್ಟಣಗಳ ಹಿಂಬದಿಯಲ್ಲಿ, ಅಂತರ್ಜಾಲದಲ್ಲಿ ಮಾರಾಟವಾಗುವ ಸಸಿಗಳ ವಿವರಗಳಲ್ಲಿ ‘ಹಾರ್ಡಿನೆಸ್ ಝೋನ್ 5ರಿಂದ 9’, ‘ಝೋನ್ 10ರಿಂದ 12’ ಎಂಬಂತಹ ಬರಹಗಳು ಕಾಣಸಿಗುತ್ತವೆ. ಸಕಲೇಶಪುರ, ಆಲೂರು ತಾಲ್ಲೂಕುಗಳಲ್ಲಿ ಮನೆಯಂಗಳದ ಕೈತೋಟಕ್ಕೆಂದು ದೂರದೂರುಗಳಿಂದ ಗಿಡ ತರಿಸುವವರಿಗೆ ಈ ಅಂಕಿಗಳು ಒಗಟಿನಂತೆ ತೋರುವುದು ಸಹಜ. ಅಂಕಿಯನ್ನೇ ನಂಬಿ ನೆಟ್ಟ ಗಿಡ ಆರಿದ್ರಾ ಮಳೆಗೆ ಕೊಳೆತುಹೋದಾಗ ನಷ್ಟವಾಗುವುದು ಹಣ ಮಾತ್ರವಲ್ಲ, ಒಂದಿಡೀ ವರ್ಷದ ಶ್ರಮವೂ ಹೌದು. ಈ ವಲಯಗಳು ಏನನ್ನು ಅಳೆಯುತ್ತವೆ, ಏನನ್ನು ಅಳೆಯುವುದಿಲ್ಲ ಎಂಬುದನ್ನು ಅರಿತರೆ ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಅಂಕಿಗಳ ಅರ್ಥವೇನು?

ಸಸ್ಯಗಳ ಸಹಿಷ್ಣುತಾ ವಲಯಗಳ ಈ ನಕ್ಷೆಯನ್ನು ಅಮೆರಿಕದ ಕೃಷಿ ಇಲಾಖೆ ಮೊದಲ ಬಾರಿಗೆ ಪ್ರಕಟಿಸಿದ್ದು 1960ರಲ್ಲಿ. ವರ್ಷದ ಅತ್ಯಂತ ಚಳಿಯ ರಾತ್ರಿಯಲ್ಲಿ ಉಷ್ಣಾಂಶ ಎಷ್ಟಕ್ಕೆ ಇಳಿಯುತ್ತದೆ ಎಂಬುದರ ಹಲವು ವರ್ಷಗಳ ಸರಾಸರಿಯೇ ಇದರ ಆಧಾರ. ಇದರಲ್ಲಿ ಒಟ್ಟು 13 ವಲಯಗಳಿವೆ. ಪ್ರತಿ ವಲಯದ ವ್ಯಾಪ್ತಿ 10 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 5.6 ಡಿಗ್ರಿ ಸೆಲ್ಸಿಯಸ್. ಮೊದಲನೆಯ ವಲಯದಲ್ಲಿ ಉಷ್ಣಾಂಶ ಮೈನಸ್ 45 ಡಿಗ್ರಿಗಿಂತಲೂ ಕೆಳಗಿಳಿಯುತ್ತದೆ. ಹದಿಮೂರನೆಯದರಲ್ಲಿ ಕನಿಷ್ಠ ಉಷ್ಣಾಂಶವೇ 15 ಡಿಗ್ರಿಗಿಂತ ಮೇಲಿರುತ್ತದೆ.

ಹಿಮ ಬೀಳುವ ನಾಡಿನಲ್ಲಿ ಬಹುವಾರ್ಷಿಕ ಗಿಡಗಳನ್ನು ಕೊಲ್ಲುವ ದೊಡ್ಡ ಶತ್ರು ಚಳಿ. ಆದ್ದರಿಂದ ಅಲ್ಲಿನ ತೋಟಗಾರ ಮೊದಲು ಕೇಳುವ ಪ್ರಶ್ನೆ ‘ಈ ಗಿಡ ಚಳಿಗಾಲ ದಾಟೀತೇ?’ ಎಂಬುದು. ವಲಯದ ಅಂಕಿ ಉತ್ತರಿಸುವುದು ಆ ಒಂದು ಪ್ರಶ್ನೆಗೆ ಮಾತ್ರ. ಮಳೆಯ ಪ್ರಮಾಣ, ಬೇಸಿಗೆಯ ತಾಪ, ಗಾಳಿಯ ತೇವ, ಮಣ್ಣಿನ ಗುಣ ಇವಾವುದೂ ಅದರ ಲೆಕ್ಕದಲ್ಲಿಲ್ಲ.

ಸಮುದ್ರಮಟ್ಟದಿಂದ 900 ಮೀಟರ್‌ಗೂ ಹೆಚ್ಚು ಎತ್ತರದಲ್ಲಿರುವ ಸಕಲೇಶಪುರಕ್ಕೆ ಈ ಅಳತೆಯನ್ನು ಅನ್ವಯಿಸಿದರೆ ಅದು 11 ಅಥವಾ 12ನೇ ವಲಯದ ಆಸುಪಾಸಿನಲ್ಲಿ ನಿಲ್ಲುತ್ತದೆ. 11ನೇ ವಲಯವೆಂದರೆ ಕನಿಷ್ಠ ಉಷ್ಣಾಂಶ 4.4ರಿಂದ 10 ಡಿಗ್ರಿ. 12ನೆಯದೆಂದರೆ 10ರಿಂದ 15.6 ಡಿಗ್ರಿ ಸೆಲ್ಸಿಯಸ್. ಆಲೂರಿನ ಚಳಿಯೂ ಇದಕ್ಕಿಂತ ಹೆಚ್ಚು ಭಿನ್ನವಲ್ಲ. ಚಳಿಯೊಂದನ್ನೇ ನೋಡಿದರೆ ಎರಡೂ ತಾಲ್ಲೂಕುಗಳು ಒಂದೇ ಎಂಬಂತೆ ತೋರುತ್ತವೆ. ಆದರೆ ಎರಡೂ ಒಂದೇ ಅಲ್ಲವೆಂಬುದು ಇಲ್ಲಿನ ಪ್ರತಿ ಕೃಷಿಕನಿಗೂ ಗೊತ್ತು.

ಒಂದೇ ಜಿಲ್ಲೆ, ನಾಲ್ಕು ವಲಯ

ಮಲೆನಾಡು, ಅರೆಮಲೆನಾಡು, ಬಯಲುಸೀಮೆ ಎಂಬ ವಿಂಗಡಣೆಯನ್ನು ಇಲ್ಲಿನ ಜನ ಯಾವ ನಕ್ಷೆಯ ನೆರವೂ ಇಲ್ಲದೆ ತಲೆಮಾರುಗಳಿಂದ ಬಳಸುತ್ತ ಬಂದಿದ್ದಾರೆ. ಅದರ ಅಳತೆಗೋಲು ಮುಖ್ಯವಾಗಿ ಮಳೆ. ಕೃಷಿ ವಿಜ್ಞಾನಿಗಳು ಮಳೆ, ಮಣ್ಣು, ಎತ್ತರ, ಬೆಳೆಗಳನ್ನು ಆಧರಿಸಿ ರಾಜ್ಯವನ್ನು 10 ಕೃಷಿ ಹವಾಮಾನ ವಲಯಗಳಾಗಿ ವಿಂಗಡಿಸಿದಾಗಲೂ ಫಲಿತಾಂಶ ಜನರ ತಿಳಿವಳಿಕೆಗೆ ಹತ್ತಿರವಾಗಿಯೇ ಬಂತು. ಸಕಲೇಶಪುರ ಗುಡ್ಡಗಾಡು ವಲಯಕ್ಕೆ ಸೇರಿತು. ಆಲೂರು, ಹಾಸನ, ಬೇಲೂರುಗಳು ದಕ್ಷಿಣದ ಅರೆಮಲೆನಾಡು ವಲಯಕ್ಕೆ, ಚನ್ನರಾಯಪಟ್ಟಣ ದಕ್ಷಿಣ ಒಣವಲಯಕ್ಕೆ, ಅರಸೀಕೆರೆ ಮಧ್ಯ ಒಣವಲಯಕ್ಕೆ ಸೇರಿದವು. ಹೀಗೆ ಒಂದೇ ಜಿಲ್ಲೆ ನಾಲ್ಕು ವಲಯಗಳಲ್ಲಿ ಹಂಚಿಹೋಗಿದೆ.

ಇದಕ್ಕೆ ಕಾರಣ ಪಶ್ಚಿಮಘಟ್ಟ. ಅರಬ್ಬಿ ಸಮುದ್ರದಿಂದ ಬರುವ ಮುಂಗಾರು ಮೋಡಗಳು ಘಟ್ಟವೇರುವಾಗ ತಣಿದು, ಬಿಸಿಲೆ, ಮಾರನಹಳ್ಳಿ ಭಾಗದ ಅಂಚಿನಲ್ಲಿಯೇ ಹೆಚ್ಚಿನ ನೀರನ್ನು ಸುರಿಸುತ್ತವೆ. ಅಲ್ಲಿಂದ ಪೂರ್ವಕ್ಕೆ ಸರಿದಂತೆ ಮಳೆ ವೇಗವಾಗಿ ಕ್ಷೀಣಿಸುತ್ತದೆ. ಆಲೂರಿನ ಪೂರ್ವದಂಚಿಗೆ ಬರುವಷ್ಟರಲ್ಲಿ ಅದು ಘಟ್ಟದಂಚಿನ ಮಳೆಯ ಅರ್ಧದಷ್ಟೂ ಇರುವುದಿಲ್ಲ. ಒಂದು ಗಂಟೆಯ ಬಸ್ ಪ್ರಯಾಣದ ಅಂತರದಲ್ಲಿ ಗಿಡದ ಬದುಕೇ ಬದಲಾಗುತ್ತದೆ.

ಚಳಿ ಗೆದ್ದ ಗಿಡ ಮಳೆಗೆ ಸೋಲುವುದೇಕೆ?

ಲ್ಯಾವೆಂಡರ್ ಇದಕ್ಕೆ ಉತ್ತಮ ನಿದರ್ಶನ. ಇಂಗ್ಲಿಷ್ ಲ್ಯಾವೆಂಡರ್‌ಗೆ ಕೊಡುವ ವಲಯ ಸಾಮಾನ್ಯವಾಗಿ 5ರಿಂದ 9. ಅಂದರೆ ಮೈನಸ್ 25 ಡಿಗ್ರಿಯ ಚಳಿಯನ್ನೂ ಅದು ತಾಳಬಲ್ಲದು. ಅಂತಹ ಗಟ್ಟಿ ಗಿಡಕ್ಕೆ ಮಲೆನಾಡಿನ ಹಿತವಾದ ಚಳಿ ಯಾವ ಲೆಕ್ಕ ಎನಿಸಬಹುದು. ಆದರೆ ಅದು ಬೇಸಿಗೆ ಒಣಗಿರುವ ಮೆಡಿಟರೇನಿಯನ್ ತೀರದ ಸಸ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಹನಿಯುವ ಮಳೆ ಮತ್ತು ಸದಾ ತೇವದ ಗಾಳಿಯಲ್ಲಿ ಅದರ ಬೇರು, ಬುಡ ಕೊಳೆಯುತ್ತವೆ. ಸೂರು ತಪ್ಪಿಸಿ ನೆಟ್ಟರೆ ಅದು ಮಳೆಗಾಲ ದಾಟುವುದು ಕಷ್ಟ.

ಇನ್ನು ಕೆಲವು ಗಿಡಗಳಿಗೆ ಇಲ್ಲಿ ಚಳಿಯೇ ಸಾಲದು. ಸೇಬಿನ ಸಾಮಾನ್ಯ ತಳಿಗಳು ಹೂ ಬಿಡಬೇಕಾದರೆ 7 ಡಿಗ್ರಿಗಿಂತ ಕಡಿಮೆ ಉಷ್ಣಾಂಶದಲ್ಲಿ ಸುಮಾರು ಸಾವಿರ ಗಂಟೆಗಳ ನಿದ್ರೆ ಬೇಕು. ಟ್ಯೂಲಿಪ್ ಗೆಡ್ಡೆಗಳಿಗೂ ವಾರಗಟ್ಟಲೆ ಶೀತ ಬೇಕು. ಸಕಲೇಶಪುರದ ಡಿಸೆಂಬರ್ ಎಷ್ಟೇ ಮಂಜು ಕವಿದಿದ್ದರೂ ಆ ನಿದ್ರೆಯನ್ನು ಕೊಡಲಾರದು. ‘ಅನ್ನಾ’ದಂತಹ ಕಡಿಮೆ ಚಳಿ ಬೇಡುವ ಸೇಬಿನ ತಳಿಗಳು ಇವೆಯಾದರೂ ಅವುಗಳಿಗೂ ಮುಂಗಾರಿನ ಶಿಲೀಂಧ್ರ ರೋಗಗಳಿಂದ ರಕ್ಷಣೆ ಬೇಕಾಗುತ್ತದೆ.

ಮಲೆನಾಡಿನಲ್ಲಿ ಗಿಡಗಳ ಮುಖ್ಯ ಶತ್ರು ನಿಂತ ನೀರು ಮತ್ತು ಅದರಲ್ಲಿ ಹರಡುವ ರೋಗಾಣುಗಳು. ಅಡಿಕೆಯ ಕೊಳೆರೋಗ, ಕಾಳುಮೆಣಸಿನ ಶೀಘ್ರ ಸೊರಗು ರೋಗ, ಬೆಣ್ಣೆಹಣ್ಣಿನ ಬೇರುಕೊಳೆ ಇವೆಲ್ಲ ‘ಫೈಟಾಫ್ತೊರ’ ಎಂಬ ಒಂದೇ ಕುಲದ ರೋಗಾಣುಗಳ ಕೃತ್ಯ. ಎರಡನೆಯ ಶತ್ರು ಇದಕ್ಕೆ ತದ್ವಿರುದ್ಧವಾದುದು: ಜನವರಿಯಿಂದ ಹೂಮಳೆ ಬರುವವರೆಗಿನ ಒಣಗಾಲ. ನಾಲ್ಕು ತಿಂಗಳು ನೀರಿನಲ್ಲಿ ಮಿಂದು, ಮೂರು ತಿಂಗಳು ಬಾಯಾರಿ ಬದುಕಬಲ್ಲ ಗಿಡವೇ ಇಲ್ಲಿ ನಿಜವಾದ ಸಹಿಷ್ಣು.

ಡೇರೆ ಹೂವಿನ ಪಾಠ

ಈ ಪರೀಕ್ಷೆಯಲ್ಲಿ ಗೆದ್ದ ಪರದೇಶಿ ಗಿಡಗಳೂ ಇವೆ. ಮಲೆನಾಡಿನ ಅಂಗಳಗಳಲ್ಲಿ ಡೇರೆ ಎಂದೇ ಮನೆಮಾತಾಗಿರುವ ಡೇಲಿಯಾ ಮೂಲತಃ ಮೆಕ್ಸಿಕೊದ ಎತ್ತರದ ಪ್ರದೇಶದ ಸಸ್ಯ. ಶೀತದೇಶಗಳಲ್ಲಿ ಚಳಿಗಾಲಕ್ಕೆ ಮುನ್ನ ಅದರ ಗೆಡ್ಡೆ ಕಿತ್ತು ಒಳಗಿಡುತ್ತಾರೆ. ಇಲ್ಲಿನ ಗೃಹಿಣಿಯರು ಹೂ ಮುಗಿದ ಮೇಲೆ ಗೆಡ್ಡೆಯನ್ನು ಒಣಗಾಲಕ್ಕೆ ತೆಗೆದಿಟ್ಟು, ಮುಂಗಾರಿನ ಹೊತ್ತಿಗೆ ನೀರು ಬಸಿಯುವ ಏರುಮಡಿಯಲ್ಲಿ ಮತ್ತೆ ನೆಡುತ್ತಾರೆ. ಅಲ್ಲಿ ಗಿಡಕ್ಕೆ ಚಳಿಗಾಲದ ನಿದ್ರೆ, ಇಲ್ಲಿ ಬೇಸಿಗೆಯ ನಿದ್ರೆ. ಗಿಡದ ಸ್ವಭಾವ ಅರಿತು ಊರಿನ ಋತುವಿಗೆ ಹೊಂದಿಸುವುದೆಂದರೆ ಇದೇ.

ಕಾಫಿಯ ವಿಷಯದಲ್ಲಿಯೂ ಇದೇ ವಿವೇಕ ಕೆಲಸ ಮಾಡಿದೆ. ಅರೇಬಿಕಾಕ್ಕೆ 1,000ರಿಂದ 1,500 ಮೀಟರ್ ಎತ್ತರ, 15ರಿಂದ 25 ಡಿಗ್ರಿ ಉಷ್ಣಾಂಶ ಹಿತವಾದರೆ, ರೋಬಸ್ಟಾಕ್ಕೆ 500ರಿಂದ 1,000 ಮೀಟರ್ ಎತ್ತರ, 20ರಿಂದ 30 ಡಿಗ್ರಿ ಉಷ್ಣಾಂಶ ಒಗ್ಗುತ್ತದೆ. ನೆರೆಯ ಕಾಫಿ ತೋಟದಲ್ಲಿ ಯಾವುದು ಚೆನ್ನಾಗಿ ಬಂದಿದೆ ಎಂಬುದು ಕೈತೋಟದವರಿಗೂ ಒಳ್ಳೆಯ ಸೂಚನೆ.

ಹಿತ್ತಲಿನ ವಲಯ ಗುರುತಿಸುವ ಬಗೆ

ಒಂದೇ ಹಿತ್ತಲಿನಲ್ಲಿಯೂ ಹಲವು ವಲಯಗಳಿರುತ್ತವೆ. ಎತ್ತರ 100 ಮೀಟರ್ ಹೆಚ್ಚಿದಂತೆ ಉಷ್ಣಾಂಶ ಸರಾಸರಿ 0.65 ಡಿಗ್ರಿ ತಗ್ಗುತ್ತದೆ. ಆದರೆ ಗಾಳಿಯಾಡದ ಚಳಿರಾತ್ರಿಗಳಲ್ಲಿ ತಣ್ಣನೆಯ ಗಾಳಿ ಭಾರವಾಗಿ ಕೆಳಗಿಳಿದು ಗದ್ದೆಬಯಲಿನಲ್ಲಿ ನಿಲ್ಲುವುದರಿಂದ, ಇಳಿಜಾರಿನ ನಡುವೆ ಇರುವ ಮನೆಗಿಂತ ತಗ್ಗಿನ ಮನೆಯಲ್ಲಿ ಚಳಿ ಹೆಚ್ಚು. ಮಳೆಗಾಳಿ ಹೊಡೆಯುವ ಪಶ್ಚಿಮ ಮಗ್ಗುಲು, ಮಾಡಿನ ನೀರು ಬೀಳುವ ಜಾಗ, ಮರದ ದಟ್ಟ ನೆರಳು ಪ್ರತಿಯೊಂದಕ್ಕೂ ಒಗ್ಗುವ ಗಿಡ ಬೇರೆಬೇರೆ.

ಗಿಡ ಕೊಳ್ಳುವ ಮುನ್ನ ಈ ಅಂಶಗಳನ್ನು ಗಮನಿಸುವುದು ಒಳಿತು:

* ವಲಯದ ಅಂಕಿಯನ್ನು ಚಳಿಯ ಮಿತಿಯಾಗಿ ಮಾತ್ರ ಓದಬೇಕು. ಅದರಲ್ಲಿ 11 ಅಥವಾ 12 ಸೇರಿರದಿದ್ದರೆ, ಅದು ಹೆಚ್ಚು ಚಳಿ ಬೇಡುವ ಅಥವಾ ಸೆಕೆ ತಾಳದ ಗಿಡವೇ ಎಂದು ವಿಚಾರಿಸಬೇಕು.
* ಗಿಡದ ಮೂಲನೆಲೆಯಲ್ಲಿ ಮಳೆ ಯಾವ ಋತುವಿನಲ್ಲಿ ಬೀಳುತ್ತದೆ ಎಂದು ತಿಳಿಯಬೇಕು. ಒಣ ಬೇಸಿಗೆಯ ನಾಡಿನ ಗಿಡಗಳನ್ನು ಕುಂಡದಲ್ಲಿ ಬೆಳೆಸಿ, ಮುಂಗಾರಿನಲ್ಲಿ ಸೂರಿನಡಿ ಇಡಬೇಕು.
* ಆಂಧ್ರದ ಕಡಿಯಂನಂತಹ ಬಯಲಿನ ನರ್ಸರಿಗಳ ಸಸಿಗಳನ್ನು ತಂದ ದಿನವೇ ನೆಡದೆ, ಕೆಲವು ವಾರ ನೆರಳಿನಲ್ಲಿಟ್ಟು ಇಲ್ಲಿನ ಹವೆಗೆ ಒಗ್ಗಿಸಬೇಕು.
* ಸಕಲೇಶಪುರದ ಕಡೆ ಬಸಿಗಾಲುವೆ, ಏರುಮಡಿಗಳಿಗೆ ಮೊದಲ ಗಮನ. ಆಲೂರಿನ ಕಡೆ ಬೇಸಿಗೆಯ ನೀರು, ಬುಡಕ್ಕೆ ದರಗಿನ ಹೊದಿಕೆ ಅಷ್ಟೇ ಮುಖ್ಯ.

ಕಾಫಿ ತೋಟಗಳಲ್ಲಿ ಮಳೆಯನ್ನು ಇಂಚು, ಸೆಂಟುಗಳಲ್ಲಿ ದಿನವೂ ಬರೆದಿಡುವ ಪರಿಪಾಠವಿದೆ. ಕೈತೋಟದವರೂ ಒಂದು ಮಳೆಮಾಪಕ ಮತ್ತು ಕನಿಷ್ಠ ಉಷ್ಣಾಂಶ ತೋರುವ ಥರ್ಮಾಮೀಟರ್ ಇರಿಸಿಕೊಂಡು ಮೂರು-ನಾಲ್ಕು ವರ್ಷದ ಲೆಕ್ಕ ಇಟ್ಟರೆ, ಯಾವ ನಕ್ಷೆಗಿಂತಲೂ ಖಚಿತವಾದ ಮಾಹಿತಿ ಕೈಸೇರುತ್ತದೆ. ಹಾಸನದ ಕಂದಲಿಯ ಕೃಷಿ ವಿಜ್ಞಾನ ಕೇಂದ್ರ ಹಾಗೂ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಗಳಲ್ಲಿ ಸಲಹೆ ಪಡೆಯಬಹುದು.

ವಲಯಗಳು ಶಾಶ್ವತವೂ ಅಲ್ಲ. ಅಮೆರಿಕದ ನಕ್ಷೆಯನ್ನು 2023ರಲ್ಲಿ ಪರಿಷ್ಕರಿಸಿದಾಗ ಆ ದೇಶದ ಸುಮಾರು ಅರ್ಧ ಭಾಗ ಹೆಚ್ಚು ಬೆಚ್ಚನೆಯ ಅರ್ಧವಲಯಕ್ಕೆ ಸರಿಯಿತು. ಇಲ್ಲಿ 2018ರ ಆಗಸ್ಟ್‌ನ ಮಳೆಗೆ ಗುಡ್ಡಗಳು ಕುಸಿದು ಸಕಲೇಶಪುರ-ಸುಬ್ರಹ್ಮಣ್ಯ ಮಾರ್ಗದ ರೈಲು ಸಂಚಾರವೇ ನಿಂತಿತ್ತು. ಸರಾಸರಿಯನ್ನು ಮೀರುವ ಇಂತಹ ವರ್ಷಗಳೂ ಬರುತ್ತವೆ. ಆದ್ದರಿಂದ ಬೆಲೆಬಾಳುವ ಹೊಸ ಗಿಡವನ್ನು ಮೊದಲು ಒಂದೆರಡು ಮಾತ್ರ ನೆಟ್ಟು, ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ದಾಟಿದ ಮೇಲೆ ಹೆಚ್ಚಿಸುವುದೇ ಜಾಣತನ.