ಆಗಬಹುದು, ಆಗಲೇಬೇಕು, ಆಗಲಾರದು: ಹೊಲದ ಲೆಕ್ಕಕ್ಕೆ ಒಂದಿಷ್ಟು ಬೀಜಗಣಿತ



ಬೀಜಗಣಿತ ಎಂದೊಡನೆ ಹಲವರು ಹಿಂದೆ ಸರಿಯುತ್ತಾರೆ. "ನಮಗೆ ಬಿತ್ತುವ ಬೀಜ ಗೊತ್ತು, ಈ ಬೀಜ ಮಕ್ಕಳ ಪುಸ್ತಕದ್ದು" ಎನ್ನುತ್ತಾರೆ. ಆದರೆ "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆಯನ್ನು ಅರಿಯದವರು ನಮ್ಮಲ್ಲಿ ಯಾರಿದ್ದಾರೆ? ಕಾಲು ಹಾಸಿಗೆಗಿಂತ ಕಡಿಮೆ ಇರಬಹುದು, ಸಮನಾಗಿಯೂ ಇರಬಹುದು, ಹೆಚ್ಚಾಗಬಾರದು. ಇದನ್ನೇ ಗಣಿತದಲ್ಲಿ ಅಸಮಾನತೆ ಎನ್ನುತ್ತಾರೆ. ಬರೆಯುವುದು ಹೀಗೆ: ಕಾಲು ≤ ಹಾಸಿಗೆ. ಗುರುತಿನ ಚೂಪಾದ ತುದಿ ಚಿಕ್ಕದರ ಕಡೆಗೆ, ತೆರೆದ ಬಾಯಿ ದೊಡ್ಡದರ ಕಡೆಗೆ. ಕೆಳಗಿನ ಗೆರೆ "ಸಮನಾದರೂ ಸರಿ" ಎಂದು ಹೇಳುತ್ತದೆ. < ಮತ್ತು > ಗುರುತುಗಳು ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ಎಂಬ ಗಣಿತಜ್ಞನ ಪುಸ್ತಕದಿಂದ ಬಳಕೆಗೆ ಬಂದವು. ಆ ಪುಸ್ತಕ ಅವನು ತೀರಿಕೊಂಡ ಮೇಲೆ 1631ರಲ್ಲಿ ಅಚ್ಚಾಯಿತು.

ಈ ಲೆಕ್ಕವನ್ನು ಇಲ್ಲಿ ಬರೆಯಲು ಕಾರಣ ನನ್ನದೇ ಒಂದು ತಪ್ಪು. ನಾನು ಡಿಪ್ಲೊಮಾ ಮುಗಿಸಿ ಹಳ್ಳಿಯ ಕೆಲಸಕ್ಕೆ ಬಂದ ಹೊಸದು. ಐದು ಎಕರೆ ಜಮೀನು, ಒಂದು ಕೊಳವೆ ಬಾವಿ ಇದ್ದ ಹಿರಿಯ ರೈತರೊಬ್ಬರು ಬೇಸಿಗೆ ಬೆಳೆಗೆ ಮುಂಚೆ ಕೇಳಿದರು: "ಸ್ವಾಮಿ, ಮನೆಗೂ ದನಕ್ಕೂ ಎರಡೆಕರೆ ರಾಗಿ ಬೇಕೇ ಬೇಕು. ಉಳಿದ ಮೂರೆಕರೆಗೆ ಭತ್ತ ಹಾಕಬಹುದಾ?" ಎರಡು ಮತ್ತು ಮೂರು ಕೂಡಿದರೆ ಐದು. ಜಮೀನು ಸರಿಹೋಯಿತು. "ಹಾಕಬಹುದು ಯಜಮಾನರೇ" ಎಂದೆ. ನೀರನ್ನು ಅಳೆಯಲಿಲ್ಲ.

ಭತ್ತ ಹೊಡೆ ತುಂಬುವ ಹೊತ್ತಿಗೆ ನೀರು ಸಾಲದೆ ಹೋಯಿತು. ಉಳಿದುದನ್ನು ಉಳಿಸಿಕೊಳ್ಳಲು ಅವರು ಒಂದೆಕರೆ ಭತ್ತಕ್ಕೆ ನೀರು ನಿಲ್ಲಿಸಿದರು. ಆ ಎಕರೆ ಪೂರ್ತಿ ಜೊಳ್ಳಾಯಿತು. ಅವರು ನನ್ನನ್ನು ಬಯ್ಯಲಿಲ್ಲ. "ನೀವು ಆಗಬಹುದು ಅಂದಿರಿ, ನಾನು ಆಗುತ್ತದೆ ಅಂದುಕೊಂಡೆ" ಎಂದಷ್ಟೇ ಹೇಳಿದರು. ಬಯ್ದಿದ್ದರೆ ಮೇಲಾಗಿತ್ತು.

ಮೊದಲು ನೀರಿನ ಅಳತೆ

ಒಂದು ಎಕರೆಯ ಮೇಲೆ 400 ಮಿಲಿಮೀಟರ್ ಎತ್ತರ ನೀರು ನಿಲ್ಲಿಸಲು ಸುಮಾರು 16 ಲಕ್ಷ ಲೀಟರ್ ಬೇಕು. ಇದನ್ನು ಒಂದು ಪಾಲು ಎಂದು ಕರೆಯೋಣ. ನೀರಾವರಿ ರಾಗಿ ಎಕರೆಗೆ ಸುಮಾರು 1 ಪಾಲು ಕುಡಿಯುತ್ತದೆ. ಭತ್ತ ಸುಮಾರು 1,200 ಮಿಲಿಮೀಟರ್, ಅಂದರೆ 3 ಪಾಲು. ಮಣ್ಣು, ಬಿಸಿಲು, ತಳಿ ನೋಡಿ ಇದು ಹೆಚ್ಚು ಕಡಿಮೆ ಆಗುತ್ತದೆ. ಲೆಕ್ಕಕ್ಕೆ ಇಷ್ಟು ಸಾಕು.

ಬಾವಿಯ ನೀರನ್ನು 200 ಲೀಟರಿನ ಡ್ರಮ್ಮಿನಿಂದ ಅಳೆಯಬಹುದು. ಡ್ರಮ್ 48 ಸೆಕೆಂಡಿಗೆ ತುಂಬಿದರೆ ಗಂಟೆಗೆ 15,000 ಲೀಟರ್. ದಿನಕ್ಕೆ 8 ಗಂಟೆಯಂತೆ 108 ದಿನ ಪಂಪು ಓಡಿದರೆ 1 ಕೋಟಿ 29 ಲಕ್ಷ 60 ಸಾವಿರ ಲೀಟರ್, ಅಂದರೆ ಸುಮಾರು 8 ಪಾಲು. ಆ ರೈತರ ಬಾವಿ ಹೆಚ್ಚು ಕಡಿಮೆ ಇಂಥದ್ದೇ.

ಮೂರು ಕಟ್ಟಳೆಗಳು

ಭತ್ತದ ಎಕರೆಯನ್ನು "ಭ" ಎಂದೂ, ರಾಗಿಯ ಎಕರೆಯನ್ನು "ರ" ಎಂದೂ ಬರೆಯೋಣ.

(1) ಜಮೀನು: ಭ + ರ ≤ 5
(2) ಮನೆಯ ಅಗತ್ಯ: ರ ≥ 2
(3) ನೀರು: 3ಭ + ರ ≤ 8

ಮೂರೂ ಒಟ್ಟಿಗೆ ನಡೆಯಬೇಕು. ಒಂದು ನಡೆದು ಇನ್ನೊಂದು ಮುರಿದರೆ ಆ ಯೋಜನೆ ನಿಲ್ಲದು. ಭತ್ತ 3, ರಾಗಿ 2 ಎಂದು ಹಾಕಿ ನೋಡಿ. ಜಮೀನು 5, ಸರಿ. ರಾಗಿ 2, ಸರಿ. ನೀರು 9 + 2 = 11, ಇರುವುದು 8. ಕೊರತೆ 3 ಪಾಲು, ಅಂದರೆ ಒಂದೆಕರೆ ಭತ್ತದ ನೀರು. ಜೊಳ್ಳಾದದ್ದೂ ಒಂದೆಕರೆಯೇ.

ಮೂರು ಮಾತು, ಮೂರು ಪರೀಕ್ಷೆ

ಶಾಲೆಯ ಮಕ್ಕಳಿಗೆ "ಇವುಗಳಲ್ಲಿ ಯಾವುದು ಸತ್ಯವಾಗಿರಬಹುದು?" ಎಂಬ ಪ್ರಶ್ನೆ ಬರುತ್ತದೆ. "ಯಾವುದು ಸತ್ಯವಾಗಿರಲೇಬೇಕು?" ಎಂಬುದು ಬೇರೆ ಪ್ರಶ್ನೆ. ಎರಡನ್ನೂ ಬೆರೆಸಿದರೆ ಮಕ್ಕಳಿಗೆ ಅಂಕ ಹೋಗುತ್ತದೆ, ನಮಗೆ ಬೆಳೆ ಹೋಗುತ್ತದೆ.

ಆಗಬಹುದು: ಎಲ್ಲ ಕಟ್ಟಳೆಗೂ ಒಪ್ಪುವ ಒಂದೇ ಒಂದು ಉದಾಹರಣೆ ಸಿಕ್ಕರೆ ಸಾಕು. "ರಾಗಿ ಭತ್ತಕ್ಕಿಂತ ಹೆಚ್ಚಿರಬಹುದೇ?" ಭತ್ತ 1, ರಾಗಿ 4 ಹಾಕಿ. ಜಮೀನು 5, ನೀರು 3 + 4 = 7. ಒಪ್ಪಿತು. ಆದ್ದರಿಂದ ಆಗಬಹುದು.

ಆಗಲೇಬೇಕು: ಇದಕ್ಕೆ ಒಂದು ಉದಾಹರಣೆ ಸಾಲದು, ತಪ್ಪಿಸಿಕೊಳ್ಳುವ ದಾರಿ ಒಂದೂ ಇರಬಾರದು. ರಾಗಿ ಯಾವಾಗಲೂ ಭತ್ತಕ್ಕಿಂತ ಹೆಚ್ಚಿರಲೇಬೇಕೇ? ಭತ್ತ 2, ರಾಗಿ 2 ಹಾಕಿ. ನೀರು 6 + 2 = 8, ಒಪ್ಪಿತು; ಎರಡೂ ಸಮ. ಆದ್ದರಿಂದ ಹೆಚ್ಚಿರಲೇಬೇಕೆಂದಿಲ್ಲ. ಈ ಲೆಕ್ಕದಲ್ಲಿ ಒಂದೆಕರೆ ಖಾಲಿ ಬೀಳುತ್ತದೆ ನಿಜ. ಆದರೆ ಖಾಲಿ ಬೀಳಲೇಬೇಕೆಂದೂ ಇಲ್ಲ. ಭತ್ತ 1, ರಾಗಿ 4 ಹಾಕಿದಾಗ ಐದೂ ಎಕರೆ ತುಂಬಿತ್ತು.

ಆಗಲಾರದು: ಎರಡು ಮೂರು ಸಲ ಹಾಕಿ ನೋಡಿ ಒಪ್ಪಲಿಲ್ಲವೆಂದು ಇದನ್ನು ಹೇಳಬಾರದು. ಅಂಚಿಗೆ ಹೋಗಿ ನೋಡಬೇಕು. ಭತ್ತ ಅತಿ ಹೆಚ್ಚು ಎಷ್ಟು? ರಾಗಿಯನ್ನು ಅತಿ ಕಡಿಮೆ, ಅಂದರೆ 2 ಮಾಡಿ. ಆಗ 3ಭ + 2 ≤ 8. ಎರಡೂ ಕಡೆ 2 ಕಳೆದರೆ 3ಭ ≤ 6. ಮೂರರಿಂದ ಭಾಗಿಸಿದರೆ ಭ ≤ 2. ರಾಗಿ ಹೆಚ್ಚಿಸಿದರೆ ಭತ್ತಕ್ಕೆ ನೀರು ಇನ್ನೂ ಕಡಿಮೆಯೇ ಆಗುತ್ತದೆ. ಆದ್ದರಿಂದ ಭತ್ತ ಎರಡು ಎಕರೆ ದಾಟಲಾರದು. ರಾಗಿ ಎರಡಕ್ಕೆ ಕಡಿಮೆ ಇಲ್ಲ, ಭತ್ತ ಎರಡಕ್ಕೆ ಹೆಚ್ಚಿಲ್ಲ. ಆದಕಾರಣ ಭತ್ತ ರಾಗಿಯನ್ನು ಮೀರಲಾರದು. ಈ ಮಾತಿಗೆ ತಪ್ಪಿಸಿಕೊಳ್ಳುವ ದಾರಿ ಇಲ್ಲ.

ಒಂದು ಎಚ್ಚರಿಕೆ

ಎರಡೂ ಕಡೆ ಒಂದೇ ಸಂಖ್ಯೆ ಕೂಡಿದರೂ ಕಳೆದರೂ ಗುರುತು ತಿರುಗುವುದಿಲ್ಲ. ಧನ ಸಂಖ್ಯೆಯಿಂದ ಗುಣಿಸಿದರೂ ಭಾಗಿಸಿದರೂ ತಿರುಗುವುದಿಲ್ಲ. ಋಣ ಸಂಖ್ಯೆಯಿಂದ ಗುಣಿಸಿದರೆ ಅಥವಾ ಭಾಗಿಸಿದರೆ ಮಾತ್ರ ತಿರುಗುತ್ತದೆ. ಕೈಯಲ್ಲಿ ಐದು ಸಾವಿರ ಇದ್ದವನು ಮೂರು ಸಾವಿರ ಇದ್ದವನಿಗಿಂತ ಮೇಲು. ಅದೇ ಹಣ ಸಾಲವಾದರೆ ಮೂರು ಸಾವಿರದವನೇ ಮೇಲು. ಅದಕ್ಕೇ 3 < 5 ಆದರೂ −3 > −5.

ಈಗ ಏನು ಮಾಡಬೇಕು?

ಭತ್ತ 2, ರಾಗಿ 2 ಆಗಬಹುದು. ಆದರೆ ಎಂಟೂ ಪಾಲು ನೀರು ಮುಗಿಯುತ್ತದೆ, ಹನಿಯೂ ಉಳಿಯದು. ಬಾವಿ ಸ್ವಲ್ಪ ಸೋತರೆ, ಕರೆಂಟು ಕೆಲವು ದಿನ ಕೈಕೊಟ್ಟರೆ, ಬಲಗೈಯ 8 ಏಳಾಗುತ್ತದೆ. ಆಗ "ಆಗಬಹುದು" ಎಂಬುದು "ಆಗಲಾರದು" ಆಗುತ್ತದೆ. ಭತ್ತ 1, ರಾಗಿ 4 ಹಾಕಿದರೆ ಏಳು ಪಾಲಿನಲ್ಲೇ ಬೆಳೆ ಕೈಗೆ ಬರುತ್ತದೆ. ಅಂಚಿನಲ್ಲಿ ನಡೆಯುವುದಕ್ಕಿಂತ ಒಂದು ಪಾಲು ಕೈಯಲ್ಲಿಟ್ಟುಕೊಂಡು ನಡೆಯುವುದು ಲೇಸು.

ಬೇಸಿಗೆ ಬೆಳೆಗೆ ನಾಟಿ ಮಾಡುವ ಮುನ್ನ ಡ್ರಮ್ಮು, ಗಡಿಯಾರ ಹಿಡಿದು ನಿಮ್ಮ ಬಾವಿಯನ್ನು ಅಳೆಯಿರಿ. ಜಮೀನು, ಮನೆಯ ಅಗತ್ಯ, ನೀರು, ಕೈಯ ಹಣ, ಒಂದೊಂದಕ್ಕೂ ಒಂದು ಸಾಲು ಬರೆಯಿರಿ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರ ಪಾಠಕ್ಕೂ ಆದೀತು. ಯಾರಾದರೂ, ನಾನೇ ಆಗಲಿ, "ಆಗಬಹುದು" ಎಂದರೆ ಸುಮ್ಮನೆ ತಲೆಯಾಡಿಸಬೇಡಿ. "ಯಾವ ಲೆಕ್ಕದಲ್ಲಿ? ಎಲ್ಲ ಸಾಲಿಗೂ ಒಪ್ಪಿತೇ?" ಎಂದು ಕೇಳಿ.

ಆ ಹಿರಿಯರು ಈಗ ಹಾಗೆಯೇ ಕೇಳುತ್ತಾರೆ. ನಾನು ಹೋದೊಡನೆ ಡ್ರಮ್ಮು ತಂದು ಪಂಪಿನ ಮುಂದಿಡುತ್ತಾರೆ.