ಮೇಷ್ಟ್ರುಗಳೂ ಲೆಕ್ಕ ಕಲೀತಾರೆ!



ನಮ್ಮ ಲೆಕ್ಕದ ಮೇಷ್ಟ್ರು ತರಬೇತಿಗೆಂದು ಚಾಮರಾಜನಗರಕ್ಕೆ ಹೋದಾಗ ನಮಗೆಲ್ಲ ಖುಷಿಯೋ ಖುಷಿ, ಗಣಿತದ ಪೀರಿಯಡ್ ಇಲ್ಲ ಅಂತ. ಲೆಕ್ಕ ಬರುವವರು ಮತ್ತೇನು ಕಲೀತಾರೆ? ವಾಪಸ್ ಬಂದ ಮೇಲೆ ಕೇಳಿಯೇ ಬಿಟ್ಟೆ. ಅವರು ಬೈಯಲಿಲ್ಲ. "ಹೈಸ್ಕೂಲಿಗೆಲ್ಲ ಗಣಿತಕ್ಕೆ ನಾನೊಬ್ಬನೇ. ಪಾಠ ನಿಮ್ಮ ತಲೆಗೆ ಹತ್ತದಿದ್ದರೆ ನಾನು ಯಾರನ್ನು ಕೇಳಲಿ, ಕನ್ನಡ ಮೇಷ್ಟ್ರನ್ನೇ?" ಎಂದರು.

ಅಲ್ಲಿ ಅವರು ನಮ್ಮ ಕಿರುಪರೀಕ್ಷೆಯ ತಪ್ಪನ್ನೇ ಮುಂದಿಟ್ಟರಂತೆ. (ಎ+ಬಿ)² ಅಂದರೆ ಎ²+ಬಿ² ಎಂದು ನಾನೂ ಸೇರಿ ಅರ್ಧ ಕ್ಲಾಸು ಬರೆದಿದ್ದೆವು. ಸೂತ್ರವನ್ನು ಹತ್ತು ಸಲ ಬರೆಸಿದ್ದರೂ! "ನಮ್ಮಲ್ಲೂ ಇದೇ ಕಥೆ" ಅಂದರಂತೆ ಬೇರೆ ಶಾಲೆಯವರು. ಆಗ ಗುಂಡ್ಲುಪೇಟೆ ಕಡೆಯ ಮೇಡಂ ಒಬ್ಬರು ತಾವು ಹೇಳಿಕೊಡುವ ಬಗೆ ತೋರಿಸಿದರು. ಅದನ್ನೇ ಮೇಷ್ಟ್ರು ಶಾಲೆಯ ಅಂಗಳದಲ್ಲಿ ಗೆರೆ ಎಳೆದು ನಮ್ಮಿಂದ ಮಾಡಿಸಿದರು.

5 ಮೀಟರ್ ಉದ್ದ, 5 ಮೀಟರ್ ಅಗಲದ ಹೊಲ. ಒಂದು ಮೂಲೆಯಲ್ಲಿ 3 ಮೀಟರಿನ ಚೌಕ, ಅಲ್ಲಿ ಚೆಂಡು ಹೂ. ಅದರ ಎದುರು ಮೂಲೆಯಲ್ಲಿ 2 ಮೀಟರಿನ ಚೌಕ, ಅಲ್ಲಿ ಸೂರ್ಯಕಾಂತಿ. 9ಕ್ಕೆ 4 ಸೇರಿದರೆ 13 ಚದರ ಮೀಟರ್. ಹೊಲ ಇರೋದು 25. ಉಳಿದ 12 ಎಲ್ಲಿ ಹೋಯ್ತು? ನೋಡಿದರೆ ಎರಡು ಪಟ್ಟಿ ಖಾಲಿ ಬಿದ್ದಿವೆ! 3 ಉದ್ದ, 2 ಅಗಲ, ತಲಾ 6. ಆ ಎರಡು ಪಟ್ಟಿಯೇ 2ಎಬಿ. ಅಪ್ಪ ಅಷ್ಟು ಜಾಗ ಬೀಳು ಬಿಟ್ಟರೆ ನಮ್ಮಜ್ಜಿ ಸುಮ್ಮನಿರ್ತಾರಾ?

ಕರ್ನಾಟಕದಲ್ಲಿ 2011ರಲ್ಲಿ ಡಿ.ಎಸ್.ಇ.ಆರ್.ಟಿ. ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಪ್ರೌಢಶಾಲಾ ಶಿಕ್ಷಕರಿಗಾಗಿ 'ವಿಷಯ ಶಿಕ್ಷಕರ ವೇದಿಕೆ' ಆರಂಭಿಸಿದವು. ಜಿಯೋಜಿಬ್ರಾ ಎಂಬ ಉಚಿತ ತಂತ್ರಾಂಶವನ್ನೂ ಶಿಕ್ಷಕರು ಅದರಲ್ಲಿ ಕಲಿತರು. ಕಂಪ್ಯೂಟರಿನಲ್ಲಿ ತ್ರಿಭುಜದ ತುದಿ ಹಿಡಿದು ಹೇಗೆ ಎಳೆದರೂ ಕೋನಗಳ ಮೊತ್ತ 180 ಡಿಗ್ರಿಯೇ!

ಜಪಾನಿನಲ್ಲಿ ನೂರು ವರ್ಷಕ್ಕೂ ಹಿಂದಿನಿಂದ ಇನ್ನೊಂದು ಪದ್ಧತಿ ಇದೆ. ಶಿಕ್ಷಕರೆಲ್ಲ ಕೂಡಿ ಒಂದು ಪಾಠ ಸಿದ್ಧಮಾಡ್ತಾರೆ. ಒಬ್ಬರು ಪಾಠ ಮಾಡುವಾಗ ಉಳಿದವರು ಕ್ಲಾಸಿನಲ್ಲೇ ನಿಂತು, ಮಕ್ಕಳು ಎಲ್ಲಿ ತಡವರಿಸ್ತಾರೆ ಅಂತ ಬರೆದುಕೊಳ್ತಾರೆ. ಆಮೇಲೆ ಚರ್ಚೆ. ನಮ್ಮಲ್ಲಿಗೂ ಅಕ್ಕಪಕ್ಕದ ಶಾಲೆಯವರನ್ನು ಕರೆಯುವ ಆಸೆ ಮೇಷ್ಟ್ರಿಗಿದೆ. "ಸ್ವಲ್ಪ ಅಳುಕೂ ಇದೆ" ಅಂದರು. ನಮಗಿರುವ ಹಾಗೆಯೇ!

ಈಗ ಮೇಜಿನ ಮೇಲೆ ಖಾಲಿ ಚಾಕ್‌ಪೀಸ್ ಡಬ್ಬಿ ಇಟ್ಟಿದ್ದಾರೆ. ತಿಳಿಯದ್ದನ್ನು ಹೆಸರಿಲ್ಲದೆ ಚೀಟಿಯಲ್ಲಿ ಬರೆದು ಹಾಕಬೇಕು. ಮೈನಸ್ಸಿಗೆ ಮೈನಸ್ ಗುಣಿಸಿದರೆ ಪ್ಲಸ್ ಯಾಕೆ ಅಂತ ನಾನು ಬರೆದೆ. ಮೇಷ್ಟ್ರು ಅದನ್ನು ಓದಿ, "ನಿಯಮ ಗೊತ್ತು. ನಿಮಗೆ ಅರ್ಥವಾಗುವಂತೆ ಹೇಳೋಕೆ ನನಗೂ ಬರ್ತಿಲ್ಲ. ಮುಂದಿನ ಸಲ ಕೇಳಿಕೊಂಡು ಬರ್ತೀನಿ" ಎಂದು ಚೀಟಿಯನ್ನು ಜೇಬಿಗೆ ಹಾಕಿಕೊಂಡರು.